ಹಿಮ್ಮಡಿಯ ಒಂದು ಹನಿ ರಕ್ತ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ "ಮೊಮ್ಮಗಳು ಹುಟ್ಟಿದ್ದಾಳೆ, ಒಂದು ಜೋಗುಳ ಹಾಕಿ" ಎಂಬ ಕೋರಿಕೆ ಬಂದರೆ ನಮಗೂ ಹಿಗ್ಗು. ತೊಟ್ಟಿಲು ಶಾಸ್ತ್ರ, ನಾಮಕರಣ, ಕಿವಿ ಚುಚ್ಚುವುದು ಎಂದು ಒಂದೊಂದಕ್ಕೂ ನಮ್ಮಲ್ಲಿ ದಿನ ನೋಡುತ್ತಾರೆ. ಆದರೆ ಇವೆಲ್ಲಕ್ಕಿಂತ ಮೊದಲು, ಮಗು ಹುಟ್ಟಿದ ಎರಡನೆಯ ಮೂರನೆಯ ದಿನಕ್ಕೇ ಆಗಬೇಕಾದ ಒಂದು ಕೆಲಸವಿದೆ. ಅದಕ್ಕೆ ಪಂಚಾಂಗ ನೋಡಬೇಕಿಲ್ಲ. ಹಿಮ್ಮಡಿಗೆ ಸಣ್ಣದೊಂದು ಚುಚ್ಚು, ಕಾಗದದ ಮೇಲೆ ಕೆಲವು ಹನಿ ರಕ್ತ, ಅಷ್ಟೇ. ಅದನ್ನು ಮಾಡಿಸದೇ ಬಿಟ್ಟರೆ ಏನಾಗಬಹುದು? ಮಾಡಿಸಿದರೆ ಏನು ಉಳಿಯುತ್ತದೆ? ಈ ಸಂಚಿಕೆಯಲ್ಲಿ ಅದನ್ನೇ ತಿಳಿಯೋಣ. ವಿಷಯ ದೂರದ್ದಲ್ಲ, ನಮ್ಮ ನಾಚಾರಂನದೇ!

ನಾಚಾರಂನ ಪ್ರಯೋಗಾಲಯ

ನಾಚಾರಂ ಎಂದರೆ ನಮಗೆ ನೆನಪಾಗುವುದು ಕಾರ್ಖಾನೆಗಳು, ಇ.ಎಸ್.ಐ. ಆಸ್ಪತ್ರೆ, ಇ.ಸಿ.ಐ.ಎಲ್. ಕಡೆಗೆ ಓಡುವ ಬಸ್ಸುಗಳು. ಅದೇ ರಸ್ತೆಯಲ್ಲಿ 2000ದ ಮೊದಲ ವರ್ಷಗಳಲ್ಲಿ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಿತ್ತು. ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರ ಅದರ ಹೆಸರು, ಎಲ್ಲರ ಬಾಯಲ್ಲಿ ಸಿ.ಡಿ.ಎಫ್.ಡಿ. ಈಗ ಅದು ಉಪ್ಪಲ್‌ನ ತನ್ನ ಸ್ವಂತ ಆವರಣದಲ್ಲಿದೆ. 'ಡಿ.ಎನ್.ಎ. ಬೆರಳಚ್ಚು' ಎಂದಾಗ ಪೊಲೀಸು, ಕೋರ್ಟು, ಕೊಲೆ ಮೊಕದ್ದಮೆಗಳೇ ಕಣ್ಣಮುಂದೆ ಬರುತ್ತವೆ. ಹೆಸರಿನ ಉತ್ತರಾರ್ಧವಾದ 'ರೋಗನಿರ್ಣಯ'ವನ್ನು ಗಮನಿಸಿದವರು ಕಡಿಮೆ.

ಆ ವಿಭಾಗದ ಎ. ರಾಧಾ ರಮಾದೇವಿ ಮತ್ತು ಎಸ್.ಎಂ. ನೌಷಾದ್ 2004ರಲ್ಲಿ ಒಂದು ವರದಿ ಪ್ರಕಟಿಸಿದರು. ಹೈದರಾಬಾದಿನ ನಾಲ್ಕು ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ 18,300 ಶಿಶುಗಳ ರಕ್ತ ಪರೀಕ್ಷೆಯ ಫಲಿತಾಂಶ ಅದರಲ್ಲಿತ್ತು. ಸುಮಾರು 1,700 ಮಕ್ಕಳಿಗೆ ಒಂದರಂತೆ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ. ಸುಮಾರು 2,575ಕ್ಕೆ ಒಂದರಂತೆ ಅಡ್ರಿನಲ್ ಗ್ರಂಥಿಯ ಜನ್ಮಜಾತ ದೋಷ. ಆಹಾರವನ್ನು ಅರಗಿಸಿ ಬಳಸುವ ರಾಸಾಯನಿಕ ಕ್ರಿಯೆಯಲ್ಲೇ ತೊಡಕಿರುವ ಕಾಯಿಲೆಗಳನ್ನು ಒಟ್ಟು ಸೇರಿಸಿದರೆ ಸಾವಿರಕ್ಕೆ ಒಂದು. ಲೆಕ್ಕ ಹಾಕಿ ನೋಡಿ, ಥೈರಾಯ್ಡ್ ಒಂದರಿಂದಲೇ ಹತ್ತು ಹನ್ನೊಂದು ಮಕ್ಕಳು! ನೋಡುವ ಕಣ್ಣಿಗೆ ಇಂತಹ ಮಗು ಬಹುಮಟ್ಟಿಗೆ ಪಕ್ಕದ ತೊಟ್ಟಿಲಿನ ಮಗುವಿನಂತೆಯೇ ಇರುತ್ತದೆ.

"ಎಷ್ಟು ಸಾಧು ಮಗು!"

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿ ಇದೆ. ಅದು ಸ್ರವಿಸುವ ಥೈರಾಕ್ಸಿನ್ ಇಲ್ಲದೆ ಮಗುವಿನ ಮಿದುಳು ಸರಿಯಾಗಿ ಬೆಳೆಯುವುದಿಲ್ಲ. ಕೆಲವು ಮಕ್ಕಳಲ್ಲಿ ಈ ಗ್ರಂಥಿ ಬೆಳೆದೇ ಇರುವುದಿಲ್ಲ, ಅಥವಾ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಇನ್ನು ಕೆಲವರಲ್ಲಿ ಗ್ರಂಥಿ ಇದ್ದರೂ ಹಾರ್ಮೋನು ತಯಾರಾಗುವುದಿಲ್ಲ. ಗರ್ಭದಲ್ಲಿರುವಾಗ ತಾಯಿಯ ಹಾರ್ಮೋನು ಸ್ವಲ್ಪಮಟ್ಟಿಗೆ ಮಗುವಿಗೂ ಸಿಗುತ್ತದೆ. ಆದ್ದರಿಂದಲೇ ಹುಟ್ಟಿದಾಗ ಹೆಚ್ಚಿನ ಮಕ್ಕಳಲ್ಲಿ ಏನೂ ಕಾಣುವುದಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ಸಾಲ ನಿಂತುಹೋಗುತ್ತದೆ.

ಆಮೇಲೆ ಬರುವ ಲಕ್ಷಣಗಳನ್ನು ಕೇಳಿ. ಮಗು ಹೆಚ್ಚು ನಿದ್ದೆ ಮಾಡುತ್ತದೆ, ಹಾಲಿಗೆ ಅಷ್ಟಾಗಿ ಹಟ ಮಾಡುವುದಿಲ್ಲ. ಅತ್ತರೂ ದನಿ ಸ್ವಲ್ಪ ಒರಟು. ಮಲಬದ್ಧತೆ, ಹೊಕ್ಕುಳ ಉಬ್ಬುವುದು, ನಾಲಿಗೆ ದಪ್ಪ ಕಾಣುವುದು, ಕಾಮಾಲೆ ಬೇಗ ಇಳಿಯದಿರುವುದು. ಇದರಲ್ಲಿ ಯಾವುದು ಅಜ್ಜಿಯರಿಗೆ ಗಾಬರಿ ತರುತ್ತದೆ ಹೇಳಿ? "ಎಷ್ಟು ಸಾಧು ಮಗು, ರಾತ್ರಿಯೆಲ್ಲ ಸದ್ದೇ ಇಲ್ಲ" ಎಂದು ದೃಷ್ಟಿ ತೆಗೆಯುತ್ತಾರೆ! ಆರು ತಿಂಗಳಾದರೂ ಕತ್ತು ನಿಲ್ಲದಿದ್ದಾಗ, ವರ್ಷವಾದರೂ ಕೂರದಿದ್ದಾಗ ಡಾಕ್ಟರ ಬಳಿ ಓಡುತ್ತಾರೆ. ಆಗ ಔಷಧಿ ಕೊಟ್ಟರೆ ದೇಹ ಚೇತರಿಸಿಕೊಳ್ಳುತ್ತದೆ. ಆದರೆ ಮೊದಲ ತಿಂಗಳುಗಳಲ್ಲಿ ಬುದ್ಧಿಶಕ್ತಿಗೆ ಆದ ನಷ್ಟ ಪೂರ್ತಿ ತುಂಬಿಬರುವುದಿಲ್ಲ.

ಅದೇ ಮಗುವಿಗೆ ಮೊದಲ ಎರಡು ವಾರದೊಳಗೆ ಔಷಧಿ ಶುರುವಾದರೆ? ಬಹುಪಾಲು ಮಕ್ಕಳು ಎಲ್ಲರಂತೆ ಶಾಲೆಗೆ ಹೋಗುತ್ತಾರೆ, ಓದುತ್ತಾರೆ, ಆಡುತ್ತಾರೆ. ಔಷಧಿ ಯಾವುದು ಎಂದರೆ ದಿನಕ್ಕೊಮ್ಮೆ ಪುಡಿ ಮಾಡಿ ಎದೆಹಾಲಿನಲ್ಲಿ ಕದಡಿ ಕುಡಿಸುವ ಥೈರಾಕ್ಸಿನ್ ಮಾತ್ರೆ. ಅಪರೂಪದ್ದಲ್ಲ, ದುಬಾರಿಯದ್ದೂ ಅಲ್ಲ, ಬೀದಿಯ ಮೆಡಿಕಲ್ ಶಾಪಿನಲ್ಲಿ ಸಿಗುವಂಥದ್ದು. ಚಿಕಿತ್ಸೆ ಇಷ್ಟು ಸುಲಭವಾಗಿರುವಾಗ ಮಗು ಮಂದವಾಯಿತು ಎಂದರೆ ಅದು ಕಾಯಿಲೆಯ ಗೆಲುವಲ್ಲ, ಕಾಲದ ಗೆಲುವು.

ಅಂಚೆಯಲ್ಲಿ ಹೋದ ರಕ್ತ

ಕಣ್ಣಿಗೆ ಕಾಣದ ಕಾಯಿಲೆಯನ್ನು ಲಕ್ಷಗಟ್ಟಲೆ ಮಕ್ಕಳಲ್ಲಿ ಹುಡುಕುವುದು ಹೇಗೆ? ಇದಕ್ಕೆ ದಾರಿ ತೋರಿದವರು ಅಮೆರಿಕದ ರಾಬರ್ಟ್ ಗಥ್ರಿ. 1960ರ ದಶಕದ ಆರಂಭದಲ್ಲಿ ಅವರು ಫಿನೈಲ್‌ಕೀಟೋನೂರಿಯಾ ಎಂಬ ಕಾಯಿಲೆಗೆ ಸರಳ ಪರೀಕ್ಷೆಯೊಂದನ್ನು ಕಂಡುಹಿಡಿದರು. ಶಿಶುವಿನ ಹಿಮ್ಮಡಿಯ ರಕ್ತವನ್ನು ಸೋಸುಕಾಗದದ ಮೇಲೆ ಇಂಗಿಸಿ ಒಣಗಿಸುವುದು. ಆ ಚುಕ್ಕೆಯಿಂದ ಚಿಕ್ಕ ಬಿಲ್ಲೆ ಕತ್ತರಿಸಿ, ಬ್ಯಾಕ್ಟೀರಿಯಾ ಇರುವ ತಟ್ಟೆಯಲ್ಲಿ ಇಡುವುದು. ರಕ್ತದಲ್ಲಿ ಫಿನೈಲ್ಅಲನಿನ್ ಎಂಬ ಅಮೈನೋ ಆಮ್ಲ ಮಿತಿಮೀರಿದ್ದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆದು ಬಳೆಯಂತೆ ಕಾಣುತ್ತದೆ.

ಇಲ್ಲಿ ದೊಡ್ಡ ಉಪಾಯ ಬ್ಯಾಕ್ಟೀರಿಯಾ ಅಲ್ಲ, ಕಾಗದ! ಒಣಗಿದ ಚುಕ್ಕೆಯನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಬಹುದು. ಪ್ರತಿ ಊರಿಗೂ ಪ್ರಯೋಗಾಲಯ ಬೇಕಿಲ್ಲ. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಇದೇ ಒಣ ಚುಕ್ಕೆಯಿಂದ ಥೈರಾಯ್ಡ್ ಕೊರತೆಯನ್ನೂ ಪತ್ತೆಮಾಡಲು ಶುರುಮಾಡಿದರು. ಇಂದು ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಒಂದೇ ಚುಕ್ಕೆಯಲ್ಲಿ ಹತ್ತಾರು ಕಾಯಿಲೆಗಳ ಸುಳಿವು ಹುಡುಕುತ್ತದೆ.

ನಾಚಾರಂಗಿಂತ ಮೊದಲು ಕರ್ನಾಟಕ

ಕನ್ನಡಿಗರು ಹೆಮ್ಮೆಪಡುವ ಮಾತೊಂದಿದೆ. ನಾಚಾರಂನ ಈ ಕೆಲಸಕ್ಕೂ ಮೊದಲು, 1980ರ ದಶಕದಲ್ಲಿಯೇ, ಕರ್ನಾಟಕದಲ್ಲಿ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲ ದೋಷಗಳಿಗಾಗಿ ಪರೀಕ್ಷಿಸಲಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್, ಅವರೊಂದಿಗೆ ಇದೇ ರಾಧಾ ರಮಾದೇವಿ, ಎಚ್.ಎಸ್. ಸಾವಿತ್ರಿ, ಅಲನ್ ಬಿಟಲ್ಸ್ ಮೊದಲಾದವರು ಆ ಕೆಲಸದಲ್ಲಿದ್ದರು. ಬೆಂಗಳೂರಿನ ಅನುಭವವೇ ಮುಂದೆ ಹೈದರಾಬಾದಿಗೆ ಬಂತು ಎಂದರೂ ತಪ್ಪಲ್ಲ.

ಆ ತಂಡ ರಕ್ತದ ಜೊತೆಗೆ ತಂದೆ ತಾಯಿಯರ ನೆಂಟಸ್ತಿಕೆಯನ್ನೂ ವಿಚಾರಿಸಿತು. 1980ರಿಂದ 1989ರವರೆಗಿನ ಒಂದು ಲಕ್ಷಕ್ಕೂ ಹೆಚ್ಚು ಮದುವೆಗಳಲ್ಲಿ ನೂರಕ್ಕೆ ಸುಮಾರು 31 ರಕ್ತಸಂಬಂಧದೊಳಗಿನವು. ಅದರಲ್ಲೂ ಅಕ್ಕನ ಮಗಳನ್ನು ತಂದುಕೊಂಡವರೇ ಹೆಚ್ಚು. ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. "ಆಸ್ತಿ ಒಡೆಯೋದಿಲ್ಲ, ಹುಡುಗಿ ಕಣ್ಣೆದುರೇ ಇರ್ತಾಳೆ" ಎಂಬ ಮಾತು ರಾಯಚೂರಿನಲ್ಲೂ ಇದೆ, ಇಲ್ಲಿನ ತೆಲುಗು ಮನೆಗಳಲ್ಲೂ ಇದೆ.

ಇದಕ್ಕೂ ಕಾಯಿಲೆಗೂ ಏನು ಸಂಬಂಧ? ಪ್ರತಿಯೊಂದು ವಂಶವಾಹಿ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಪ್ರತಿ ಇರುತ್ತದೆ, ಒಂದು ತಾಯಿಯದು, ಒಂದು ತಂದೆಯದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುವ ಕಾಯಿಲೆಗಳು ಬಹಳ ಇವೆ. ಅಂಥ ಒಂದೊಂದು ಕೆಟ್ಟ ಪ್ರತಿ ನಮ್ಮೆಲ್ಲರಲ್ಲೂ ಎಲ್ಲೋ ಅಡಗಿರುತ್ತದೆ. ತಂದೆ ತಾಯಿ ಒಂದೇ ಅಜ್ಜ ಅಜ್ಜಿಯ ಕುಡಿಗಳಾದರೆ ಅದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಮಗುವಿಗೆ ಬರುವ ಸಂಭವ ಹೆಚ್ಚು. ಸೋದರಮಾವ ಮತ್ತು ಸೊಸೆಯ ಮಗುವಿನಲ್ಲಿ ಸರಾಸರಿ ಎಂಟನೆಯ ಒಂದು ಭಾಗದಷ್ಟು ವಂಶವಾಹಿಗಳ ಎರಡೂ ಪ್ರತಿ ಒಂದೇ ಹಿರಿಯರಿಂದ ಬಂದಿರುತ್ತವೆ. ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಹದಿನಾರನೆಯ ಒಂದು ಭಾಗ.

ಆದರೆ ಇದನ್ನು ಹಿಡಿದುಕೊಂಡು ಬಾಣಂತಿಯನ್ನು ಹಳಿಯಬೇಡಿ. ಥೈರಾಯ್ಡ್ ಕೊರತೆಯ ಹೆಚ್ಚಿನ ಪ್ರಕರಣಗಳಲ್ಲಿ ಗ್ರಂಥಿ ಸರಿಯಾಗಿ ಬೆಳೆಯದಿರುವುದೇ ಕಾರಣ. ಅದು ಯಾವ ನೆಂಟಸ್ತಿಕೆಯೂ ಇಲ್ಲದ ದಂಪತಿಗಳ ಮಗುವಿಗೂ ಬರಬಹುದು. ಹಾರ್ಮೋನು ತಯಾರಾಗದ ಬಗೆ, ಅಡ್ರಿನಲ್ ದೋಷ, ಅಮೈನೋ ಆಮ್ಲದ ದೋಷಗಳು ಮಾತ್ರ ಮನೆತನದೊಳಗಿನ ಮದುವೆಗಳಲ್ಲಿ ಹೆಚ್ಚು. ಅಲ್ಲಿಯೂ ಕೆಟ್ಟ ಪ್ರತಿ ಬಂದಿರುವುದು ತಾಯಿ ತಂದೆ ಇಬ್ಬರಿಂದಲೂ, ಒಬ್ಬಳಿಂದಲ್ಲ. ಕಾಯಿಲೆಯ ಹೆಸರು ನಿಖರವಾಗಿ ಗೊತ್ತಾದರೆ ಮುಂದಿನ ಮಗುವಿನ ವಿಷಯದಲ್ಲಿ ತಳಿತಜ್ಞರ ಸಲಹೆ ಪಡೆಯಬಹುದು. ಹೆಸರಿಲ್ಲದ ಕಾಯಿಲೆಗೆ ಸಲಹೆಯೂ ಇಲ್ಲ, ಬರೀ ಶಾಪ.

ಥೈರಾಯ್ಡ್ ಒಂದೇ ಅಲ್ಲ

ಅಡ್ರಿನಲ್ ದೋಷದ ಮಕ್ಕಳ ಕಥೆ ಇನ್ನೂ ಅವಸರದ್ದು. ದೇಹದಲ್ಲಿ ಉಪ್ಪಿನಂಶ ನಿಲ್ಲದೆ, ಹುಟ್ಟಿದ ಒಂದರಿಂದ ಮೂರು ವಾರದೊಳಗೆ ವಾಂತಿ, ನಿತ್ರಾಣವಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಹೆಣ್ಣುಮಗುವಾದರೆ ಜನನಾಂಗದ ವ್ಯತ್ಯಾಸದಿಂದ ಡಾಕ್ಟರಿಗೆ ಅನುಮಾನ ಬರಬಹುದು. ಗಂಡುಮಗುವಿನಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಇದಕ್ಕೂ ಔಷಧಿ ಇದೆ. ಜಿ-6-ಪಿ.ಡಿ. ಎಂಬ ಕಿಣ್ವದ ಕೊರತೆಯಿದ್ದರೆ ಕೆಲವು ಔಷಧಿಗಳಿಂದ, ನುಸಿಗುಳಿಗೆಯ ನ್ಯಾಫ್ತಲೀನ್‌ನಿಂದ ಕೆಂಪು ರಕ್ತಕಣ ಒಡೆಯುತ್ತವೆ. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೇ ಸೀರೆಯಲ್ಲಿ ಕೂಸನ್ನು ಸುತ್ತುವ ನಮ್ಮ ರೂಢಿ ನೆನಪಿದೆಯಲ್ಲ?

ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದೂ ಸೇರಿ ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿತು. 2018ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಥೈರಾಯ್ಡ್ ಕೊರತೆ 1,130ಕ್ಕೆ ಒಂದು, ಅಡ್ರಿನಲ್ ದೋಷ 5,762ಕ್ಕೆ ಒಂದು. ನಾಚಾರಂನ ಅಂಕಿಗೂ ಇದಕ್ಕೂ ವ್ಯತ್ಯಾಸವಿದೆ, ಪರೀಕ್ಷಿಸಿದ ಮಕ್ಕಳು ಬೇರೆ, ಸಂಖ್ಯೆ ಬೇರೆ. ಆದರೆ ಎರಡೂ ಹೇಳುವ ಮಾತು ಒಂದೇ: ಇವು ನಮ್ಮಲ್ಲಿ ಅಪರೂಪವೆಂದು ಕೈಬಿಡುವ ಕಾಯಿಲೆಗಳಲ್ಲ.

ತವರಿಗೂ ಅತ್ತೆಮನೆಗೂ ನಡುವೆ

ಕೇರಳದಂತಹ ರಾಜ್ಯ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ತಪಾಸಣೆ ನಡೆಸುತ್ತಿದೆ. ಆದರೆ ದೇಶದ ಪ್ರತಿ ಮಗುವಿಗೂ ತಾನಾಗಿಯೇ ಆಗುವ ವ್ಯವಸ್ಥೆ ಇಲ್ಲ. ಎಷ್ಟೋ ಕಡೆ ನಾವೇ ಕೇಳಿ ಮಾಡಿಸಬೇಕು.

ನಮ್ಮಂಥ ವಲಸೆ ಬಂದ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಸೊಸೆ ಇರುವುದು ನಾಚಾರಂನಲ್ಲಿ, ಚೊಚ್ಚಲ ಹೆರಿಗೆ ತವರಿನಲ್ಲಿ. ಕಲಬುರಗಿಯಲ್ಲೋ ಬೀದರಿನಲ್ಲೋ ಕೂಸು ಹುಟ್ಟುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಅಳಿಯನ ಹೈದರಾಬಾದಿನ ನಂಬರು, ಬಾಣಂತಿ ಇರುವುದು ಅಮ್ಮನ ಮನೆಯಲ್ಲಿ. ವರದಿ ಒಂದು ಕಡೆ, ಮಗು ಇನ್ನೊಂದು ಕಡೆ! ಐದನೆಯ ತಿಂಗಳಲ್ಲಿ ತೊಟ್ಟಿಲ ಜೊತೆ ಮಗು ಊರಿಗೆ ಬರುವಷ್ಟರಲ್ಲಿ, ಹದಿನೈದು ದಿನದೊಳಗೆ ಆಗಬೇಕಿದ್ದ ಕೆಲಸದ ಕಾಲ ಮುಗಿದಿರುತ್ತದೆ. ಪರೀಕ್ಷೆ ಮಾಡಿಸುವುದು ಅರ್ಧ ಕೆಲಸ. ಫಲಿತಾಂಶ ತಾಯಿಯ ಕೈಸೇರುವುದು ಇನ್ನರ್ಧ.

ನೆನಪಿಡಬೇಕಾದ ಮಾತುಗಳು

ಹೆರಿಗೆಗೆ ಮೊದಲೇ ಆಸ್ಪತ್ರೆಯಲ್ಲಿ ವಿಚಾರಿಸಿ: "ನವಜಾತ ಶಿಶುವಿನ ರಕ್ತ ತಪಾಸಣೆ ಇದೆಯೇ? ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ?"

ರಕ್ತ ತೆಗೆಯಲು ಒಳ್ಳೆಯ ಸಮಯ ಹುಟ್ಟಿದ 48ರಿಂದ 72 ಗಂಟೆ. ಮೊದಲ ದಿನವೇ ತೆಗೆದರೆ ಆರೋಗ್ಯವಂತ ಮಗುವಿನಲ್ಲೂ ಟಿ.ಎಸ್.ಎಚ್. ಹೆಚ್ಚಾಗಿ ಕಾಣಬಹುದು. ಬೇಗ ಡಿಸ್ಚಾರ್ಜ್ ಆಗುವುದಿದ್ದರೆ ಥೈರಾಯ್ಡ್ ಮಟ್ಟಿಗೆ ಹೊಕ್ಕುಳಬಳ್ಳಿಯ ರಕ್ತದಲ್ಲಿಯೇ ಪರೀಕ್ಷೆ ಸಾಧ್ಯ, ಮೊದಲೇ ಹೇಳಿರಬೇಕು.

ಐವತ್ತು ಕಾಯಿಲೆಗಳ ಪ್ಯಾಕೇಜಿನ ಬೆಲೆ ಕೇಳಿ ಹೆದರಿ ಎಲ್ಲವನ್ನೂ ಬಿಡಬೇಡಿ. ಕೈಲಾಗದಿದ್ದರೆ ಥೈರಾಯ್ಡ್ ಪರೀಕ್ಷೆಯೊಂದನ್ನಾದರೂ ಮಾಡಿಸಿ. ಆಮೇಲಿನದು ಅಡ್ರಿನಲ್ ದೋಷ ಮತ್ತು ಜಿ-6-ಪಿ.ಡಿ.

ತಪಾಸಣೆಯಲ್ಲಿ 'ಹೆಚ್ಚು' ಎಂದು ಬಂದರೆ ಅದೇ ಕೊನೆಯ ತೀರ್ಪಲ್ಲ. ಮರುಪರೀಕ್ಷೆಯಲ್ಲಿ ಎಷ್ಟೋ ಮಕ್ಕಳು ಸರಿಯಾಗಿರುತ್ತಾರೆ. ಆದರೆ ಮರುಪರೀಕ್ಷೆಯನ್ನು ಹಬ್ಬ ಮುಗಿಯಲಿ, ಸೂತಕ ಕಳೆಯಲಿ ಎಂದು ಮುಂದೂಡಬೇಡಿ. ವರದಿ ಸರಿಯಿದ್ದರೂ ಮೇಲಿನ ಲಕ್ಷಣಗಳು ಕಂಡರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಮಾತ್ರೆ ಶುರುವಾದ ಮೇಲೆ "ಮಗು ಚೆನ್ನಾಗಿದೆಯಲ್ಲ" ಎಂದು ನೀವಾಗಿಯೇ ನಿಲ್ಲಿಸಬೇಡಿ. ಚೆನ್ನಾಗಿರುವುದೇ ಮಾತ್ರೆಯಿಂದ! ಕೊರತೆ ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ಸಾಮಾನ್ಯವಾಗಿ ಮೂರು ವರ್ಷವಾದ ಮೇಲೆ ಡಾಕ್ಟರೇ ನೋಡಿ ಹೇಳುತ್ತಾರೆ.

ಕೊಡುವ ಫೋನ್ ನಂಬರು ಬಾಣಂತಿಯ ಹತ್ತಿರ ಇರುವವರದೇ ಆಗಿರಲಿ. ಒಂದು ವಾರದಲ್ಲಿ ವರದಿ ಬರದಿದ್ದರೆ ನೀವೇ ಫೋನ್ ಮಾಡಿ.

ಕೇಳುಗರೇ, ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ, ಸೀಮಂತಕ್ಕೆ ಹೋದಾಗ ಬಳೆ, ಕುಪ್ಪಸದ ಕಣದ ಜೊತೆ ಈ ಮಾತನ್ನೂ ಅವಳ ಕಿವಿಗೆ ಹಾಕಿ ಬನ್ನಿ.