ಮನೆಗೊಂದೇ ಮಗು

ಡೇರಿಗೆ ಹಾಲು ಹಾಕಿ ಬಂದ ಮೇಲೆಯೇ ಸಿನಿಮಾ. ಬೈರಮಂಗಲದ ಆ ಮನೆಯಲ್ಲಿ ಮೊಬೈಲನ್ನು ಸ್ಟೀಲ್ ಚೊಂಬಿಗೆ ಒರಗಿಸಿ ಅಜ್ಜಿ, ಮೊಮ್ಮಗಳು, ಮೊಮ್ಮಗ ಮೂವರೂ ‘ಡಾಟರ್ಸ್ ಆಫ್ ಡೆಸ್ಟಿನಿ’ ಸಾಕ್ಷ್ಯಚಿತ್ರ ಸರಣಿ ನೋಡುತ್ತಿದ್ದರು. ವೃಷಭಾವತಿ ನದಿಯ ನೊರೆನೀರಿನಲ್ಲಿ ಭತ್ತ ಕೈಬಿಟ್ಟು ನೇಪಿಯರ್ ಹುಲ್ಲು, ಹಸು ನೆಚ್ಚಿಕೊಂಡ ಊರು ಇದು. ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಮೊಮ್ಮಗಳು ಇಂಗ್ಲಿಷ್ ಮಾತನ್ನು ಅಜ್ಜಿಗೆ ಕನ್ನಡ ಮಾಡಿ ಹೇಳುತ್ತಿದ್ದಳು. ಅಜ್ಜಿ ಮಾತ್ರ ತೆರೆಯ ಮೇಲಿಲ್ಲದವರನ್ನೇ ವಿಚಾರಿಸಿದರು: ಈ ಹುಡುಗಿಗೆ ತಮ್ಮಂದಿರಿಲ್ಲವೇ, ಅವರೆಲ್ಲಿ ಓದುತ್ತಾರೆ?

ಪ್ರಶ್ನೆ ಬೀಳಬೇಕಾದ ಕಡೆಗೇ ಬಿತ್ತು. ಆನೇಕಲ್ ದಾಟಿದರೆ ಹೊಸೂರು ಸೀಮೆ. ಚಿತ್ರದ ಹುಡುಗಿಯರು ಓದುವುದು ಅಲ್ಲಿನ ಬಾಲಿಗಾನಪಲ್ಲಿಯಲ್ಲಿ ಅಬ್ರಹಾಂ ಜಾರ್ಜ್ 1997ರಲ್ಲಿ ಕಟ್ಟಿದ ಶಾಂತಿ ಭವನ ವಸತಿಶಾಲೆಯಲ್ಲಿ. ಅದರ ನಿಯಮವೇ ಹಾಗೆ. ಕಡುಬಡವರ ಮಕ್ಕಳಿಗಷ್ಟೇ ಪ್ರವೇಶ, ಅದೂ ಮನೆಗೊಂದೇ ಮಗು. ನಾಲ್ಕರ ಆಸುಪಾಸಿನ ಕೂಸನ್ನು ಒಪ್ಪಿಸಿದರೆ ಊಟ, ಬಟ್ಟೆಯಿಂದ ಕಾಲೇಜಿನವರೆಗೆ ಖರ್ಚು ಅವರದು. ಒಬ್ಬರು ಮೇಲೆ ಬಂದರೆ ಮನೆಯವರನ್ನೂ ಎತ್ತುತ್ತಾರೆ ಎಂಬುದು ಲೆಕ್ಕ.

ಲೆಕ್ಕವೇನೋ ಸರಿ. ಆದರೆ ಒಂದೇ ಚಾಪೆಯ ಮೇಲೆ ಇಬ್ಬರು ಮಲಗಿರುವಾಗ ಎಬ್ಬಿಸುವುದು ಯಾರನ್ನು? ಜಾಣೆಯನ್ನೋ, ಹೆಚ್ಚು ಅಳದವಳನ್ನೋ? ಉಳಿದವನು ಅಕ್ಕನ ಬೂಟು ನೋಡಿ ಏನೆಂದುಕೊಂಡಾನು? ಇಷ್ಟೆಲ್ಲ ಕೇಳಿಕೊಳ್ಳುವುದು ಈ ಚಿತ್ರಕ್ಕೆ ಅನ್ಯಾಯವಿರಬಹುದು, ಅದರ ಕಣ್ಣಿರುವುದು ಹೊರಟವರ ಮೇಲೆ.

ನಿರ್ದೇಶಕಿ ವನೆಸ್ಸಾ ರಾತ್ ಆ ಶಾಲೆಯ ಐವರು ಹುಡುಗಿಯರ ಬೆನ್ನುಹತ್ತಿ ಏಳು ವರ್ಷ ಚಿತ್ರೀಕರಿಸಿದರು. ಅದು 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ನಾಲ್ಕು ಕಂತಾಗಿ ಬಂತು. ಸಂಗೀತ ಎ.ಆರ್. ರೆಹಮಾನ್ ಅವರದು, ಕೆಲವೆಡೆ ನೋಡುವವರ ಪಾಲಿನದನ್ನೂ ಅದೇ ಅತ್ತುಬಿಡುತ್ತದೆ. ಹೀಗೆ ವರ್ಷಗಟ್ಟಲೆ ಮಕ್ಕಳ ಬೆನ್ನುಹತ್ತಿದ ಇನ್ನೊಂದು ಸಾಕ್ಷ್ಯಚಿತ್ರ, ಬ್ರಿಟನ್ನಿನ ‘ಅಪ್’ ಸರಣಿ, 1964ರಲ್ಲಿ ಏಳು ವರ್ಷದ 14 ಮಕ್ಕಳಿಂದ ಶುರುವಾಗಿ, ಏಳೇಳು ವರ್ಷಕ್ಕೊಮ್ಮೆ ಮರಳಿ ಬಂದು, 2019ರಲ್ಲಿ ಅವರ 63ನೇ ವಯಸ್ಸಿಗೆ ಮುಟ್ಟಿತು. ಅಲ್ಲಿ ಹುಟ್ಟಿದ ಪಾತಿಯಲ್ಲೇ ಬೆಳೆಯುವವರನ್ನು ಕ್ಯಾಮೆರಾ ಕಾದು ನೋಡಿತು. ಇಲ್ಲಿ ಪೈರು ಕಿತ್ತು ಬೇರೆ ಗದ್ದೆಗೆ ನಾಟಿ ಮಾಡಿಯಾಗಿದೆ.

ಐವರಲ್ಲೊಬ್ಬರಾದ ಶಿಲ್ಪಾ ರಾಜ್ ಆತ್ಮಕಥೆ ಬರೆದರು. ಹೆಸರು ‘ದಿ ಎಲಿಫೆಂಟ್ ಚೇಸರ್ಸ್ ಡಾಟರ್’, ಆನೆ ಓಡಿಸುವವನ ಮಗಳು. ಕನಕಪುರ, ಚನ್ನಪಟ್ಟಣದ ಕಾಡಂಚಿನವರಿಗೆ ಈ ಕಸುಬು ಬಿಡಿಸಿ ಹೇಳಬೇಕಿಲ್ಲ. ರಾಗಿ ತೆನೆಗಟ್ಟಿತೆಂದರೆ ಪಟಾಕಿ, ಟಾರ್ಚು, ರಾತ್ರಿಯೆಲ್ಲ ಎಚ್ಚರ. ಅಷ್ಟು ದೂರ ಓದಿಕೊಂಡು ಹೋದವರು ಪುಸ್ತಕಕ್ಕೆ ಇಟ್ಟಿದ್ದು ಅಪ್ಪನ ಕೆಲಸದ ಹೆಸರು! ನಾಲ್ಕು ಕಂತಿಗಿಂತ ಅದೇ ಹೆಚ್ಚು ಹೇಳುತ್ತದೆ.

ಎರಡನೇ ಕಂತು ಮುಗಿಯುವ ಮುಂಚೆಯೇ ಮೊಮ್ಮಗ ಎದ್ದುಹೋಗಿದ್ದ. ಕೊಟ್ಟಿಗೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಗುರುಗುಟ್ಟತೊಡಗಿತು. ಅಕ್ಕ ಮೊಬೈಲಿನ ಸದ್ದು ಏರಿಸಿಕೊಂಡಳು. ಕನ್ನಡ ಮಾಡಿ ಹೇಳುವುದನ್ನು ಆಕೆ ಯಾವಾಗಲೋ ಮರೆತಿದ್ದಳು. ಅಜ್ಜಿ ಬರೀ ಚಿತ್ರ ನೋಡುತ್ತ ಕೂತಿದ್ದರು.