ಒಂದು ಟ್ರಾನ್ಸಿಸ್ಟರಿನ ಎಫ್‌ಎಂ ಸ್ಟೇಷನ್: ನಂಬಿರುವುದೇನು, ನಿಜವೇನು?

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯಿಂದ ಬೆಂಗಳೂರಿನ ಎಸ್.ಪಿ. ರೋಡಿಗೆ ಒಮ್ಮೆ ಹೋಗಿ ಬಂದರೆ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರಿಗೆ ಬೇಕಾದ ಸಾಮಾನೆಲ್ಲ ಕೈಗೆ ಬರುತ್ತದೆ: ಒಂದು ಟ್ರಾನ್ಸಿಸ್ಟರ್, ಸಣ್ಣ ಮೈಕು, ನಾಲ್ಕಾರು ರೆಸಿಸ್ಟರು, ಕೆಪಾಸಿಟರು, 9 ವೋಲ್ಟಿನ ಬ್ಯಾಟರಿ. ಕಾಯಿಲ್ ಸುತ್ತುವ ತಾಮ್ರದ ತಂತಿಗಂತೂ ಮೋಟಾರ್ ರಿವೈಂಡಿಂಗ್ ಅಂಗಡಿಯೇ ಸಾಕು. ಎಲೆಕ್ಟ್ರಾನಿಕ್ಸ್ ಕಲಿಯಲು ಹೊರಟ ಮಕ್ಕಳಿಗೆ ಇದು ಆಸೆ ಹುಟ್ಟಿಸುವ ಕೆಲಸ. ಅದಕ್ಕೇ ಇದರ ಬಗ್ಗೆ ಹಬ್ಬಿರುವ ತಪ್ಪು ಕಲ್ಪನೆಗಳನ್ನು ಬಿಡಿಸಿ ಹೇಳಬೇಕು.

ನಂಬಿಕೆ: ಚಿತ್ರದಲ್ಲಿರುವ ಹಾಗೆ ಜೋಡಿಸಿದರೆ ಕೆಲಸ ಮಾಡಲೇಬೇಕು

ಎಲ್‌ಇಡಿ ಮಿನುಗಿಸುವ ಸರ್ಕ್ಯೂಟಿಗೆ ಈ ಮಾತು ಸರಿ, ರೇಡಿಯೊಗೆ ಅಲ್ಲ. ಪೆನ್ಸಿಲ್ ಮೇಲೆ ಐದು ಸುತ್ತು ತಂತಿ ಸುತ್ತಿ, ಒಂದು ಸೆಂಟಿಮೀಟರ್ ಉದ್ದಕ್ಕೆ ಎಳೆದರೆ ಸುಮಾರು 0.1 ಮೈಕ್ರೊಹೆನ್ರಿಯ ಕಾಯಿಲ್ ಆಗುತ್ತದೆ. ಅದರ ಜೊತೆ 25 ಪಿಕೊಫ್ಯಾರಡ್ ಕೆಪಾಸಿಟರ್ ಸೇರಿದರೆ ಕಂಪನಾಂಕ ಹೆಚ್ಚುಕಡಿಮೆ 100 ಮೆಗಾಹರ್ಟ್ಸ್, ಅಂದರೆ ಎಫ್‌ಎಂ ಪಟ್ಟಿಯ ನಡುವೆ. ಲೆಕ್ಕ ಇಷ್ಟು ಸಲೀಸು. ಆದರೆ ಬೆಸುಗೆಯಿಲ್ಲದೆ ಬಿಡಿಭಾಗ ಸಿಕ್ಕಿಸುವ ಬ್ರೆಡ್‌ಬೋರ್ಡಿನ ಅಕ್ಕಪಕ್ಕದ ಎರಡು ಸಾಲುಗಳ ನಡುವೆಯೇ ಒಂದೆರಡು ಪಿಕೊಫ್ಯಾರಡ್ ಇರುತ್ತದೆ. ಒಂದೇ ಒಂದು ಪಿಕೊಫ್ಯಾರಡ್ ಹೆಚ್ಚಾದರೂ ಕಂಪನಾಂಕ 2 ಮೆಗಾಹರ್ಟ್ಸ್ ಕೆಳಗಿಳಿಯುತ್ತದೆ. ಕಾಯಿಲ್ ಹತ್ತಿರ ಬೆರಳು ತಂದರೆ ಸ್ಟೇಷನ್ ಸರಿದುಹೋಗುತ್ತದೆ, ಕೈ ತೆಗೆದರೆ ವಾಪಸ್ ಬರುತ್ತದೆ. ಬ್ಯಾಟರಿ ಇಳಿದಂತೆ, ಟ್ರಾನ್ಸಿಸ್ಟರ್ ಬಿಸಿಯಾದಂತೆ ಮತ್ತೆ ಸರಿಯುತ್ತದೆ. ‘ಸರ್ಕ್ಯೂಟ್ ಕೆಟ್ಟಿದೆ’ ಎಂದು ಮಕ್ಕಳು ಬೇಸತ್ತು ಎಸೆಯುವುದು ಇಲ್ಲೇ. ಅದು ಕೆಟ್ಟಿರುವುದಿಲ್ಲ. ತಂತಿಯ ಕಾಲುಗಳು ಉದ್ದವಾಗಿರುತ್ತವೆ, ಜೋಡಣೆ ಸಡಿಲವಾಗಿರುತ್ತದೆ. ಕಾಲುಗಳನ್ನು ಗಿಡ್ಡ ಮಾಡಿ ತಾಮ್ರದ ಹಾಳೆಯ ಮೇಲೆ ಬೆಸುಗೆ ಹಾಕಿದರೆ ಅರ್ಧ ರೋಗ ವಾಸಿ. ಟ್ರಾನ್ಸ್‌ಮಿಟರ್ ಮಾಡುವುದು ಸುಲಭ, ಅದನ್ನು ಇದ್ದ ಜಾಗದಲ್ಲೇ ನಿಲ್ಲಿಸುವುದು ಕಷ್ಟ. ಕಲಿಯಬೇಕಾದ ವಿದ್ಯೆ ಇದೇ.

ನಂಬಿಕೆ: ವೋಲ್ಟೇಜು ಏರಿಸಿ, ಏರಿಯಲ್ ಉದ್ದ ಮಾಡಿದರೆ ಊರೆಲ್ಲ ಕೇಳುತ್ತದೆ

9 ವೋಲ್ಟಿನಲ್ಲಿ 10 ಮಿಲಿಆಂಪಿಯರ್ ಎಳೆದರೆ ಬ್ಯಾಟರಿ ಕೊಡುವುದೇ 90 ಮಿಲಿವ್ಯಾಟ್. ಅದರಲ್ಲೂ ಒಂದು ಪಾಲಷ್ಟೇ ಏರಿಯಲ್ ತಲುಪುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾಗಬೇಕಾದರೆ ಶಕ್ತಿ ನಾಲ್ಕರಷ್ಟು ಬೇಕು, ಹತ್ತರಷ್ಟಾಗಲು ನೂರರಷ್ಟು. 100 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಏರಿಯಲ್ ಅಂದರೆ 75 ಸೆಂಟಿಮೀಟರ್. ಸಿಕ್ಕಷ್ಟು ತಂತಿ ಕಟ್ಟಿದರೆ ಕಂಪನಾಂಕ ಕೆಡುತ್ತದೆಯೇ ಹೊರತು ದನಿ ದೂರ ಹೋಗುವುದಿಲ್ಲ.

ನಂಬಿಕೆ: ಇಷ್ಟು ಚಿಕ್ಕದಕ್ಕೆ ಕಾನೂನು ಯಾಕೆ? ಯಾರಿಗೆ ತೊಂದರೆ?

ನಮ್ಮ ಸೀಮೆಯಲ್ಲಿ ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಎಫ್‌ಎಂ ಪಟ್ಟಿ ಮುಗಿಯುವುದು 108 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿಂದ ಮುಂದೆ ವಿಮಾನಗಳಿಗೆ ರನ್‌ವೇ ದಿಕ್ಕು ತೋರಿಸುವ ಸಂಕೇತಗಳು, 118ರಿಂದ ಪೈಲಟ್ ಮತ್ತು ಕಂಟ್ರೋಲ್ ಟವರಿನ ಮಾತುಕತೆ. ದೇವನಹಳ್ಳಿಯ ವಿಮಾನ ನಿಲ್ದಾಣ ಜಂಗಮಕೋಟೆಗೆ ದೂರವೇನಲ್ಲ. 106ರಲ್ಲಿ ಇಟ್ಟ ಸರ್ಕ್ಯೂಟ್ ಎರಡು ಮೆಗಾಹರ್ಟ್ಸ್ ಮೇಲಕ್ಕೆ ಸರಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದನ್ನೇ 1933ರ ಕಾಯ್ದೆ ತಪ್ಪೆಂದಿತ್ತು. ಬಿಹಾರದ ಮನ್ಸೂರ್‌ಪುರದಲ್ಲಿ ರಾಘವ್ ಮಹತೊ ಎಂಬ ಮೆಕ್ಯಾನಿಕ್ ತಾನೇ ಮಾಡಿದ ಟ್ರಾನ್ಸ್‌ಮಿಟರಿನಿಂದ ಎಫ್‌ಎಂ ನಡೆಸುತ್ತಿದ್ದ. ಜನ ಮೆಚ್ಚಿದ್ದರು, ಆದರೂ 2006ರಲ್ಲಿ ಅದನ್ನು ಮುಚ್ಚಿಸಲಾಯಿತು. ನಮ್ಮ ಪಕ್ಕದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಸಮುದಾಯ ಬಾನುಲಿಯವರು ಬೇರೆ ದಾರಿ ಹಿಡಿದರು. ಗಾಳಿಯಲ್ಲಿ ಪ್ರಸಾರಕ್ಕೆ ಅನುಮತಿ ಇಲ್ಲದ ಆ ದಿನಗಳಲ್ಲಿ ಕೇಬಲ್ ಟಿವಿ ತಂತಿಯ ಮೂಲಕವೇ ಹಳ್ಳಿಯ ಮಾತನ್ನು ಮನೆಮನೆಗೆ ಮುಟ್ಟಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರ ಕೊನೆಗೆ. ಬೂದಿಕೋಟೆಯವರ ಆ ತಾಳ್ಮೆಯನ್ನು ನಾನು ತುಂಬ ಗೌರವಿಸುತ್ತೇನೆ.

ನಂಬಿಕೆ: ಇದು ಎಂಜಿನಿಯರುಗಳ ಕೆಲಸ, ನಮ್ಮ ಮಕ್ಕಳಿಗಲ್ಲ

1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಇವತ್ತು 12 ವರ್ಷ ತುಂಬಿದ ಯಾರು ಬೇಕಾದರೂ ಕೇಂದ್ರದ ದೂರಸಂಪರ್ಕ ಇಲಾಖೆಯ ಹ್ಯಾಮ್ (ಹವ್ಯಾಸಿ ರೇಡಿಯೊ) ಪರೀಕ್ಷೆ ಬರೆಯಬಹುದು. ಆರಂಭದ ದರ್ಜೆಗೆ ಮೋರ್ಸ್ ಕೋಡ್ ಬೇಕಿಲ್ಲ, ರೇಡಿಯೊದ ಮೂಲ ತತ್ವ ಮತ್ತು ನಿಯಮಗಳು ಗೊತ್ತಿದ್ದರೆ ಸಾಕು. ಲೈಸೆನ್ಸ್ ಬಂದ ಮೇಲೆ ನಿಮ್ಮ ಕೈಯಾರೆ ಮಾಡಿದ ಟ್ರಾನ್ಸ್‌ಮಿಟರನ್ನು ಹ್ಯಾಮ್ ಪಟ್ಟಿಗಳಲ್ಲಿ ನಿರ್ಭಯವಾಗಿ ನಡೆಸಬಹುದು. ವಿದೇಶಿ ಸಾಮಾನೂ ಬೇಕಿಲ್ಲ. ಹೈದರಾಬಾದಿನ ಅಷ್ಹರ್ ಫರ್ಹಾನ್ ರೂಪಿಸಿದ ‘ಬಿಟ್‌ಎಕ್ಸ್’ ರೇಡಿಯೊದಲ್ಲಿ ಕಾಯಿಲ್ ಸುತ್ತಿದ್ದು ನಲ್ಲಿಯ ವಾಷರ್ ಮೇಲೆ! ಆ ವಿನ್ಯಾಸವನ್ನು ಲೋಕದ ಎಷ್ಟೋ ಹ್ಯಾಮ್‌ಗಳು ಕಟ್ಟಿ ನೋಡಿದ್ದಾರೆ.

ಲೈಸೆನ್ಸ್ ಬರುವವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಮೊದಲು ಒಂದು ರಿಸೀವರ್ ಕಟ್ಟಿ, ಕಾಯಿಲ್ ಹಿಗ್ಗಿಸಿ ಕುಗ್ಗಿಸಿ ಸ್ಟೇಷನ್ ಹೇಗೆ ಸರಿಯುತ್ತದೆಂದು ನೋಡಿ. ಗಾಳಿಯಲ್ಲಿ ಸಂಕೇತ ಕಳಿಸಲೇಬೇಕೆಂದರೆ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ, 1 ವ್ಯಾಟ್ ಮಿತಿಯೊಳಗೆ, ಲೈಸೆನ್ಸ್ ಬೇಕಿಲ್ಲ. ಆ ಪಟ್ಟಿಯ ಸಿದ್ಧ ಮಾಡ್ಯೂಲ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಹುಳು ಸಾಕುವ ಮನೆಗಳಿಗೆ ಅದರಿಂದ ನೇರ ಉಪಯೋಗವಿದೆ. ದೊಡ್ಡ ಹುಳುಗಳಿಗೆ 24–25 ಡಿಗ್ರಿ ಉಷ್ಣತೆ, ಸುಮಾರು ಶೇ. 70 ತೇವಾಂಶ ಇರಬೇಕು. ಆ ಅಂಕಿಯನ್ನು ಹುಳು ಮನೆಯಿಂದ ಅಡುಗೆ ಮನೆಗೆ ಕಳಿಸುವ ಟ್ರಾನ್ಸ್‌ಮಿಟರ್ ಹೈಸ್ಕೂಲು ಮಕ್ಕಳ ಕೈಗೆ ಎಟುಕುವ ಕೆಲಸ. ವಿಜ್ಞಾನದ ಮೇಷ್ಟ್ರುಗಳೇ, ಈ ವರ್ಷದ ವಸ್ತುಪ್ರದರ್ಶನಕ್ಕೆ ಇದನ್ನೇ ಮಾಡಿಸಿ. ಹ್ಯಾಮ್ ಪರೀಕ್ಷೆಯ ವಿಷಯವನ್ನೂ ಮಕ್ಕಳ ಕಿವಿಗೆ ಹಾಕಿ.