‘ಬೇಕು’ ಎಂಬ ಒಂದು ಮಾತಿಗೆ ಜರ್ಮನ್‌ನಲ್ಲಿ ನಾಲ್ಕು ದಾರಿ



ಲಿಂಗದಹಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತು ನೀವು ಗೆಳೆಯನಿಗೆ, ‘ನಾಳೆ ನಾನು ತರೀಕೆರೆಗೆ ಹೋಗಬೇಕು’ ಎನ್ನುತ್ತೀರಿ ಎಂದುಕೊಳ್ಳಿ. ಹೋಗುವ ಆಸೆಯೇ? ದೃಢ ನಿರ್ಧಾರವೇ? ಹೋಗದೆ ವಿಧಿಯಿಲ್ಲವೇ? ಅಥವಾ ಹೋಗಿ ಬಾ ಎಂದು ಮನೆಯಲ್ಲಿ ಅಪ್ಪ ಹೇಳಿದ್ದಾರೆಯೇ? ಕನ್ನಡದ ‘ಬೇಕು’ ಈ ನಾಲ್ಕನ್ನೂ ಹೊರುತ್ತದೆ. ನಿಮ್ಮ ದನಿಯಿಂದ, ಸಂದರ್ಭದಿಂದ ಗೆಳೆಯ ಅರ್ಥ ಮಾಡಿಕೊಳ್ಳುತ್ತಾನೆ. ಜರ್ಮನ್ ಭಾಷೆಯಲ್ಲಿ ಮಾತ್ರ, ಬಾಯಿ ತೆರೆಯುವ ಮೊದಲೇ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಆಸೆಯನ್ನು ವಿನಯದಿಂದ ಹೇಳುವಾಗ ‘ಇಶ್ ಮ್ಯೊಶ್ಟೆ’. ದೃಢ ಇಚ್ಛೆ ಅಥವಾ ಉದ್ದೇಶವಿದ್ದರೆ ‘ಇಶ್ ವಿಲ್’. ಅನಿವಾರ್ಯವಾದರೆ ‘ಇಶ್ ಮುಸ್’. ಬೇರೆಯವರ ಇಚ್ಛೆ ಅಥವಾ ಆದೇಶವಾದರೆ ‘ಇಶ್ ಜೊಲ್’. ‘ಇಶ್’ ಎಂದರೆ ನಾನು. ಕನ್ನಡ ಅಕ್ಷರಗಳಲ್ಲಿ ಕೊಟ್ಟ ಈ ಉಚ್ಚಾರಣೆಗಳು ಹತ್ತಿರದವು ಮಾತ್ರ. ‘ಮ್ಯೊಶ್ಟೆ’ಯ ಮೊದಲ ಸ್ವರ, ತುಟಿಗಳನ್ನು ದುಂಡಗೆ ಮಾಡಿ ‘ಎ’ ಎಂದಾಗ ಬರುವಂಥದು. ಕಿವಿಯಿಂದ ಕೇಳಿಯೇ ಇದನ್ನು ಕಲಿಯುವುದು ಒಳ್ಳೆಯದು.

ವಾಕ್ಯದ ಕಟ್ಟಡ ನಮಗೆ ಅಷ್ಟೇನೂ ಅಪರಿಚಿತವಲ್ಲ. ‘ಇಶ್ ಮ್ಯೊಶ್ಟೆ ಡಾಯ್ಚ್ ಲೆರ್ನೆನ್’ ಎಂದರೆ ‘ನನಗೆ ಜರ್ಮನ್ ಕಲಿಯುವ ಆಸೆ’. ಇಚ್ಛೆಯನ್ನು ಸೂಚಿಸುವ ಪದ ಎರಡನೆಯ ಸ್ಥಾನದಲ್ಲಿ ನಿಲ್ಲುತ್ತದೆ. ‘ಲೆರ್ನೆನ್’, ಅಂದರೆ ‘ಕಲಿಯುವುದು’ ಎಂಬ ಮುಖ್ಯ ಕ್ರಿಯಾಪದ, ಕನ್ನಡದಂತೆಯೇ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನ ಕ್ರಮವನ್ನು ಅನುಸರಿಸಿದರೆ ಇಲ್ಲಿ ತಪ್ಪುತ್ತೀರಿ.

ಇಂಗ್ಲಿಷಿನಿಂದ ಬರುವ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಜರ್ಮನ್ನಿನ ‘ವಿಲ್’ ಕೇಳಲು ಇಂಗ್ಲಿಷಿನ ‘ವಿಲ್’ನಂತೆಯೇ ಇದೆ. ಆದರೆ ಅರ್ಥ ಬೇರೆ. ಜರ್ಮನಿಯ ಪ್ರಾಧ್ಯಾಪಕರೊಬ್ಬರಿಗೆ ‘ನಾಳೆ ಖಂಡಿತ ಬರುತ್ತೇನೆ’ ಎಂದು ಮಾತು ಕೊಡಲು ನೀವು ‘ಇಶ್ ವಿಲ್ ಮೊರ್ಗೆನ್ ಕೊಮೆನ್’ ಎಂದು ಬರೆದರೆ, ಅವರು ಅದನ್ನು ‘ನಾಳೆ ಬರಬೇಕೆಂದಿದ್ದೇನೆ’ ಎಂದು ಓದುತ್ತಾರೆ. ಕೊಟ್ಟ ಮಾತು ಬರಿಯ ಉದ್ದೇಶವಾಗಿ ಉಳಿಯಿತು! ಮಾತು ಕೊಡಲು ‘ಇಶ್ ವೆರ್ಡೆ ಕೊಮೆನ್’ ಎನ್ನಬಹುದು. ‘ಇಶ್ ಕೊಮೆ ಮೊರ್ಗೆನ್’ ಎಂದರೂ ಸಾಕು. ನಮ್ಮ ‘ಬರುತ್ತೇನೆ’ ವರ್ತಮಾನಕ್ಕೂ ಭವಿಷ್ಯಕ್ಕೂ ಸಲ್ಲುವಂತೆ ಅವರ ‘ಕೊಮೆ’ಯೂ ಎರಡಕ್ಕೂ ಸಲ್ಲುತ್ತದೆ.

ಇನ್ನು ಸೌಜನ್ಯದ ಮಾತು. ‘ಒಂದು ಕಾಫಿ ಕೊಡಿ’ ಎಂದಾಗ ನಮ್ಮ ಮರ್ಯಾದೆ ‘ಕೊಡಿ’ಯಲ್ಲಿಯೇ ಅಡಗಿದೆ. ಜರ್ಮನ್ನಿನಲ್ಲಿ ಆ ಕೆಲಸವನ್ನು ‘ಮ್ಯೊಶ್ಟೆ’ ಮಾಡುತ್ತದೆ. ಹೋಟೆಲಿನಲ್ಲಿ ‘ಇಶ್ ವಿಲ್ ಐನೆನ್ ಕಫೆ’ ಎಂದರೆ, ಹಟ ಹಿಡಿದ ಮಗು ಕೇಳಿದಂತಾಗುತ್ತದೆ. ‘ಇಶ್ ಮ್ಯೊಶ್ಟೆ ಐನೆನ್ ಕಫೆ’ ಎಂದರೆ ಕೇಳುವವರಿಗೂ ಹಿತ. ‘ವಿಲ್’ ಎಂಬುದು ಕೆಟ್ಟ ಪದವೆಂದು ತಿಳಿಯಬೇಡಿ. ‘ನಾನು ವೈದ್ಯಳಾಗಲೇಬೇಕು’ ಎಂಬ ಸಂಕಲ್ಪಕ್ಕೆ ಅದೇ ತಕ್ಕ ಪದ.

ಒಂದು ಅನುಕೂಲವನ್ನೂ ಗಮನಿಸಿ. ನಾನು, ಅವನು, ಅವಳು ಯಾರೇ ಆದರೂ ‘ಬೇಕು’ ಬದಲಾಗದು. ಜರ್ಮನ್ನಿನಲ್ಲಿಯೂ ‘ನಾನು’ ಮತ್ತು ‘ಅವನು, ಅವಳು’ಗಳಿಗೆ ‘ವಿಲ್’, ‘ಮ್ಯೊಶ್ಟೆ’, ‘ಮುಸ್’, ‘ಜೊಲ್’ ಹಾಗೆಯೇ ಉಳಿಯುತ್ತವೆ. ಉಳಿದ ರೂಪಗಳನ್ನು ಮಾತ್ರ ಬೇರೆಯಾಗಿ ಕಲಿಯಬೇಕು.

ಜರ್ಮನಿಯಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟ್ಟೆಲ್ ಕನ್ನಡ ಕಲಿತು, 1894ರಲ್ಲಿ ಮಂಗಳೂರಿನಿಂದ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ನಮ್ಮ ಪದಗಳ ಹಲವು ಅರ್ಥಗಳನ್ನು ಅವರು ಒಂದೊಂದಾಗಿ ಬಿಡಿಸಿಟ್ಟರು. ಅವರ ಭಾಷೆಯನ್ನು ಕಲಿಯಲು ಹೊರಟ ನೀವೂ ಅದೇ ಕೆಲಸದಿಂದ ಆರಂಭಿಸಿ. ಇಂದು ನೀವು ಆಡಿದ ಐದು ‘ಬೇಕು’ಗಳನ್ನು ಬರೆದುಕೊಳ್ಳಿ. ಯಾವುದು ಆಸೆ, ಯಾವುದು ನಿರ್ಧಾರ, ಯಾವುದು ಅನಿವಾರ್ಯ, ಯಾವುದು ಪರರ ಅಪ್ಪಣೆ ಎಂದು ವಿಂಗಡಿಸಿ. ಅಷ್ಟಾದರೆ ಜರ್ಮನ್ ಪಾಠದ ಅರ್ಧ ಕೆಲಸ ಕನ್ನಡದಲ್ಲಿಯೇ ಮುಗಿದಂತೆ.